ಓನರ್ ಆಂಟಿಯ ನೀಲಕಂಠ

ಕಳೆದ ವಾರ ವಿಜಯನಗರದ ಮಾರ್ಕೆಟ್ ಹತ್ತಿರ ಫೋಟೋಗೆ ಕಟ್ಟು ಹಾಕುವ ಅಂಗಡಿಗೆ ಹೋಗಿದ್ದೆ. ನಮ್ಮ ಶಾಲೆಯ ಹತ್ತನೇ ತರಗತಿಯ ಗುಂಪು ಫೋಟೋ. ಅದನ್ನು ಹೆಡ್‌ಮಿಸ್ಸು ನನ್ನ ತಲೆಗೆ ಕಟ್ಟಿದ್ದರು. ಅಂಗಡಿಯವನು ಗಾಜು ಕೊಯ್ಯುತ್ತಿದ್ದಾಗ, ಪಕ್ಕದ ಮೊಳೆಗೆ ತೂಗುಹಾಕಿದ್ದ ಗಂಧದ ಹಾರಗಳ ಗೊಂಚಲು ಗಾಳಿಗೆ ಅಲ್ಲಾಡಿತು. ಅದರಲ್ಲಿ ಗಂಧ ಎಷ್ಟಿರುತ್ತದೋ ದೇವರೇ ಬಲ್ಲ, ಯಾವುದೋ ಮರದ ಚಕ್ಕೆಗೆ ಸೆಂಟು ಹಾಕಿರುತ್ತಾರೆ. ಆದರೂ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ತಡೆಯಲಾಗದ ನಗು ಬಂತು. ಸಾವಿನ ಮನೆಯ ವಾಸನೆ ಅದು, ನಗುವಂಥದ್ದಲ್ಲ. ಅಂಗಡಿಯವನು ತಲೆಯೆತ್ತಿ ನೋಡಿದ. ನಾನು ಫೋನು ನೋಡಿ ನಗುತ್ತಿರುವವಳ ಹಾಗೆ ನಟಿಸಿದೆ.

ನೆನಪಾದದ್ದು ಓನರ್ ಆಂಟಿ.

ಲಾಕ್‌ಡೌನ್ ಮುಗಿದು ಶಾಲೆಗಳು ಮತ್ತೆ ತೆರೆದ ಕಾಲ. ನಾನು ಮತ್ತು ನನ್ನ ರೂಮ್‌ಮೇಟ್ ವಿಜಯನಗರದ ಒಂದು ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲು ತೆರೆದರೆ ತಾರಸಿ. ನಾನು ಬಸವೇಶ್ವರನಗರದ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಮೇಡಂ. ಅವಳು ಹಾಸನದ ಕಡೆಯವಳು, ರಾಜಾಜಿನಗರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಕೆಳಗಿನ ಮನೆಯಲ್ಲಿ ಓನರ್ ಆಂಟಿ ಒಬ್ಬರೇ. ಹಣೆಯ ತುಂಬ ವಿಭೂತಿ, ಉಟ್ಟದ್ದು ಇಳಕಲ್ ಸೀರೆ, ಕೈಯಲ್ಲಿ ಗೇಟಿನ ಬೀಗ. ಮೊದಲ ತಿಂಗಳು ನಾವು ಅವರಿಗೆ ಹೆದರಿಕೊಂಡೇ ಇದ್ದೆವು. ಅವರ ಗದಗದ ಕಡೆಯ ಮಾತಿನ ಗತ್ತೇ ಬೇರೆ. ಊಟ ಆಯಿತೇ ಎಂದು ಪ್ರೀತಿಯಿಂದ ಕೇಳಿದರೂ ನಮ್ಮ ಕಿವಿಗೆ ಬೈದ ಹಾಗೆ ಬೀಳುತ್ತಿತ್ತು.

ಸಂಜೆ ಕೆಲಸದಿಂದ ಬಂದು, ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ನಾವಿಬ್ಬರೂ ತಾರಸಿಯಲ್ಲಿ ಕೂರುತ್ತಿದ್ದೆವು. ಆ ಹೊತ್ತಿನಲ್ಲಿ ಮನೆಯ ಚಿಂತೆ, ಕೆಲಸದ ರಗಳೆ, ಗಂಡು ನೋಡುವ ವಿಚಾರ ಯಾವುದನ್ನೂ ಎತ್ತಬಾರದು ಎಂದು ನಮ್ಮಲ್ಲೇ ಒಪ್ಪಂದ. ಈಚೆಗೆ ಯಾವುದರ ಹುಚ್ಚು ಹತ್ತಿದೆ, ಅದಷ್ಟೇ ಮಾತು. ನನಗೆ ಆಗ ನಮ್ಮ ಹುಡುಗರು ಕನ್ನಡದಲ್ಲಿ ಪಟಪಟ ಹೇಳುವ ರ‍್ಯಾಪ್ ಹಾಡುಗಳ ಹುಚ್ಚು. ಪ್ರಾಸ ಹೇಗೆ ಕೂತಿದೆ ನೋಡು ಎಂದು ನಾನು ಪಾಠ ಶುರುಮಾಡಿದರೆ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಪೂರ್ತಿ ಕೊರಿಯಾದ ಹುಚ್ಚು. ಅಲ್ಲಿನ ಧಾರಾವಾಹಿ, ಅಲ್ಲಿನವರ ಚರ್ಮ, ಅಲ್ಲಿನ ಹಾಡುವ ಹುಡುಗರ ತಂಡ. ಅಕ್ಕಿ ತೊಳೆದ ನೀರನ್ನು ಮುಖಕ್ಕೆ ಹಚ್ಚಿಕೊಂಡು, ಒಣಗುವವರೆಗೂ ಮಾತಾಡದೆ ಕೈಸನ್ನೆಯಲ್ಲೇ ಆ ಹುಡುಗರನ್ನು ಹೊಗಳುತ್ತಿದ್ದಳು.

ಆಂಟಿ ತಾರಸಿಗೆ ಬರುತ್ತಿದ್ದದ್ದು ಸಂಡಿಗೆ ಮಗುಚಲು. ನಮ್ಮ ಮಾತು ಅವರ ಕಿವಿಗೆ ಬೀಳುತ್ತಿತ್ತು, ಆದರೆ ಏನೂ ಅನ್ನುತ್ತಿರಲಿಲ್ಲ. ಒಂದು ಸಲ ನಾನು ಇಳಕಲ್ ಸೀರೆಗೆ ಬಿಳಿ ಶೂ ಹಾಕಿಕೊಂಡು ಗೆಳತಿಯ ನಿಶ್ಚಿತಾರ್ಥಕ್ಕೆ ಹೊರಟಿದ್ದೆ. ಆಗ ಅದು ದೊಡ್ಡ ಫ್ಯಾಶನ್ನು. ಮೆಟ್ಟಿಲ ಮೇಲೆ ಎದುರಾದ ಆಂಟಿ ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿ, ಇದು ನಮ್ಮ ಕಡೆ ಹೊಲಕ್ಕೆ ಹೋಗುವಾಗ ಉಡುವ ಸೀರೆ ಎಂದರು. ಆಮೇಲೆ ಅವರೇ ನಕ್ಕು, ಬಗ್ಗಿ ನನ್ನ ನೆರಿಗೆ ಸರಿಮಾಡಿದರು. ಅಂದಿನಿಂದ ನಮಗೆ ಅವರ ಭಯ ಹೋಯಿತು.

ಅದಾದ ಕೆಲವೇ ದಿನಕ್ಕೆ ಅವರು ಸಂಡಿಗೆಯ ಬಟ್ಟೆ ಬಿಟ್ಟು ನಮ್ಮ ಚಾಪೆಯ ತುದಿಯಲ್ಲಿ ಬಂದು ಕೂತರು.

“ಆ ಕೊರಿಯಾದ ಹುಡುಗರ ಸುದ್ದಿ ನನಗೂ ಒಂಚೂರು ಕಲಿಸ್ರವಾ,” ಎಂದರು.

ನಾವು ಮುಖ ಮುಖ ನೋಡಿಕೊಂಡೆವು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರೆ, ಅವರ ಕಣ್ಣು ಒದ್ದೆಯಾಗಿತ್ತು. ಆಮೇಲೆ ಒಂದೊಂದಾಗಿ ಹೇಳಿದರು. ಮಗ ಸೊಸೆ ಬೇರೆಯಾಗಿ ವರ್ಷಗಳಾಗಿದ್ದವು. ಮಗ ಹುಬ್ಬಳ್ಳಿಯಲ್ಲಿ ಇನ್ನೊಂದು ಮದುವೆಯಾಗಿ ಅಲ್ಲೇ ಉಳಿದಿದ್ದ. ಸೊಸೆ ಕೆಂಗೇರಿಯಲ್ಲಿ ತನ್ನ ತಾಯಿಯ ಜೊತೆ ಇದ್ದಳು. ಇದ್ದ ಒಬ್ಬಳೇ ಮೊಮ್ಮಗಳು ಅವಳ ಹತ್ತಿರ. ಸೊಸೆಯ ಬಗ್ಗೆ ಆಂಟಿ ಒಂದು ಕೆಟ್ಟ ಮಾತಾಡಲಿಲ್ಲ. ಕೋರ್ಟು ಹೇಳದಿದ್ದರೂ ತಿಂಗಳಿಗೊಂದು ಭಾನುವಾರ ಮಗುವನ್ನು ತಾನೇ ಕರೆದುಕೊಂಡು ಬಂದು ಬಿಟ್ಟುಹೋಗುತ್ತಿದ್ದಳು, ಅಷ್ಟು ಒಳ್ಳೆಯವಳು. ಆದರೆ ಈಗ ಹುಡುಗಿ ಏಳನೇ ಕ್ಲಾಸು. ಅಜ್ಜಿ ಮನೆ ಬೋರು ಎನ್ನಲು ಶುರುಮಾಡಿದ್ದಳು. ಅವಳಾಗಿ ಬರುತ್ತೇನೆ ಎಂದರೆ ಕಳಿಸುತ್ತೇನೆ, ನಾನು ಬಲವಂತ ಮಾಡುವುದಿಲ್ಲ ಅತ್ತೆ, ಎಂದು ಸೊಸೆ ಫೋನಿನಲ್ಲಿ ಹೇಳಿದ್ದಳಂತೆ. ಹೋದ ಸಲ ಬಂದವಳು ಸಂಜೆಯವರೆಗೂ ಇಯರ್‌ಫೋನು ಕಿವಿಯಿಂದ ತೆಗೆಯಲಿಲ್ಲ. ಇಣುಕಿ ನೋಡಿದರೆ ಫೋನಿನಲ್ಲಿ ನೀಲಿ ಕೂದಲಿನ ಹುಡುಗ ಕುಣಿಯುತ್ತಿದ್ದ. ಮೇಲಿನ ಮನೆ ಹುಡುಗಿಯರು ಹೊಗಳುವುದು ಇವನನ್ನೇ ಎಂದು ಆಂಟಿಗೆ ಹೊಳೆಯಿತು.

“ಆಕಿ ಇನ್ನ ಬರೂದಿಲ್ಲ ಅಂದ್ಲಂದ್ರ, ನನಗ ಯಾರ್ ಅದಾರ ಹೇಳು,” ಎಂದರು. ನನ್ನ ರೂಮ್‌ಮೇಟ್ ಮುಖಕ್ಕೆ ಹಚ್ಚಿಕೊಂಡಿದ್ದನ್ನು ತೊಳೆಯದೆಯೇ ಎದ್ದುಹೋಗಿ ಫೋನು ತಂದಳು.

ಹೀಗೆ ನಮ್ಮ ತಾರಸಿಯ ಕೂಟಕ್ಕೆ ಆಂಟಿ ಸೇರಿದರು. ನಾನು ಮಕ್ಕಳಿಗೆ ಪಾಠ ಹೇಳಿ ಬಳಲಿ ಬಂದವಳು, ಇಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ಅದುವರೆಗೆ ಕಂಡಿರಲಿಲ್ಲ. ಆದರೆ ಆ ಹುಡುಗರ ಹೆಸರು ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಮುಖ ನೋಡಿ ಗುರುತು ಹಿಡಿಯೋಣವೆಂದರೆ ಪ್ರತಿ ಹಾಡಿಗೂ ಕೂದಲಿನ ಬಣ್ಣ ಬದಲು. ಕೊನೆಗೆ ಆಂಟಿ ತಮ್ಮದೇ ದಾರಿ ಹಿಡಿದರು. ಮೊದಲು ನೋಡಿದಾಗ ನೀಲಿ ಕೂದಲಿದ್ದವನು ನೀಲಕಂಠ, ಎತ್ತರದವನು ಉದ್ದಪ್ಪ, ಹಾಡಿನ ನಡುವೆ ಸಿಟ್ಟಿನಿಂದ ಪಟಪಟ ಮಾತಾಡುವವನು ವೀರಭದ್ರ. ನೀಲಕಂಠ ಮುಂದಿನ ಹಾಡಿನಲ್ಲಿ ಕೆಂಪು ಕೂದಲಿನಲ್ಲಿ ಬಂದರೂ ಅವನು ನೀಲಕಂಠನೇ. ಅವನು ಊಟ ಸರಿಯಾಗಿ ಮಾಡುವುದಿಲ್ಲ, ತೂಕ ಇಳಿಸಲು ಉಪವಾಸ ಇರುತ್ತಾನೆ ಎಂದು ರೂಮ್‌ಮೇಟ್ ಹೇಳಿದ ದಿನ ಆಂಟಿಗೆ ನಿಜವಾಗಿಯೂ ಬೇಜಾರಾಗಿತ್ತು.

ಮೊಮ್ಮಗಳು ಮನಸ್ಸಿಲ್ಲದೆ ಒಪ್ಪಿದ್ದ ಮುಂದಿನ ಭಾನುವಾರ ಅವಳನ್ನು ಬೆರಗುಗೊಳಿಸಬೇಕೆಂದು ಅವರು ಒಂದು ಯೋಜನೆ ಹಾಕಿದರು. ಅದನ್ನು ನಮಗೂ ಹೇಳಲಿಲ್ಲ. ಹೇಳಿದ್ದರೆ...

ಮಾರ್ಕೆಟ್ಟಿನ ಫುಟ್‌ಪಾತಿನಲ್ಲಿ ದೇವರ ಪಟ, ಸಿನಿಮಾ ಹೀರೋಗಳ ಪಟದ ಜೊತೆ ಈ ಹುಡುಗರ ಪೋಸ್ಟರುಗಳನ್ನೂ ಮಾರುತ್ತಿದ್ದರು. ಆಂಟಿ ನೀಲಕಂಠನ ಪೋಸ್ಟರು ಕೊಂಡು ಕಟ್ಟು ಹಾಕಲು ಕೊಟ್ಟರು. ವಿಭೂತಿ ಹಚ್ಚಿದ ವಯಸ್ಸಾದ ಹೆಂಗಸು ಎಳೆ ಹುಡುಗನ ಪಟ ತಂದಿದ್ದು ನೋಡಿ ಅಂಗಡಿಯವನು, ಹಾರ ಬೇಕಾ ಅಮ್ಮ, ಎಂದು ಮೆಲುದನಿಯಲ್ಲಿ ಕೇಳಿದನಂತೆ. ಬೇಡ ಎನ್ನಲು ಆಂಟಿಗೆ ಕಾರಣವೇ ಕಾಣಲಿಲ್ಲ. ಅವರ ಮನೆಯ ಗೋಡೆಯಲ್ಲಿದ್ದದ್ದು ಎರಡು ಪಟ. ಒಂದು ತೀರಿಹೋದ ಗಂಡನದು. ಇನ್ನೊಂದು ಅವರ ಕಡೆಯ ಮಠದ ಸ್ವಾಮಿಗಳದು, ಆಂಟಿಯ ಬಾಯಲ್ಲಿ ‘ಅಜ್ಜಾರು’. ಅಜ್ಜಾರು ಬದುಕಿದ್ದರು, ಆರೋಗ್ಯವಾಗಿದ್ದರು, ವರ್ಷಕ್ಕೊಮ್ಮೆ ಪಾದಪೂಜೆಗೂ ಬರುತ್ತಿದ್ದರು. ಅವರ ಪಟಕ್ಕೂ ಗಂಧದ ಹಾರ. ಗೌರವ ಇದ್ದವರಿಗೆಲ್ಲ ಹಾರ, ಇಷ್ಟೇ ಆಂಟಿಯ ಲೆಕ್ಕ. ನೀಲಕಂಠ ಅವರ ನಡುವೆ ಹೋಗಿ ನಿಂತ.

ಆ ಭಾನುವಾರ ಬೆಳಿಗ್ಗೆ ನಾವು ತಲೆಸ್ನಾನ ಮಾಡಿ ತಾರಸಿಯಲ್ಲಿ ಕೂದಲು ಒಣಗಿಸುತ್ತಿದ್ದೆವು. ಆಂಟಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಕೂಸು ಅಳುತ್ತಿದೆ, ಏನಾಯಿತೋ ತಿಳಿಯದು, ಬೇಗ ಬನ್ನಿ ಎಂದರು. ಓಡಿಹೋಗಿ ನೋಡಿದರೆ ಹುಡುಗಿ ನಡುಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಾ ಫೋನಿನಲ್ಲಿ ಸುದ್ದಿ ಹುಡುಕುತ್ತಿದ್ದಳು. ಯಾವಾಗಾಯಿತು, ಹೇಗಾಯಿತು, ನನಗೆ ಯಾರೂ ಹೇಳಲೇ ಇಲ್ಲ ಎಂದು ಅದೇ ಮಾತು. ನಾನು ಗೋಡೆ ನೋಡಿದೆ. ಗಂಡ, ನೀಲಕಂಠ, ಅಜ್ಜಾರು. ಮೂವರಿಗೂ ಒಂದೇ ಥರದ ಹಾರ.

ಮೊದಲು ಅರ್ಥವಾದದ್ದು ನನ್ನ ರೂಮ್‌ಮೇಟಿಗೆ. ಅವಳು ಹುಡುಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, “ಲೇ, ಅವನು ಗುಂಡುಕಲ್ಲಿನ ಹಾಗೆ ಇದಾನೆ ಕಣೇ. ನಿಮ್ಮಜ್ಜಿ ಪ್ರೀತಿಗೆ ಹಾರ ಹಾಕವ್ರೆ,” ಎಂದಳು.

ಹುಡುಗಿಯ ಅಳು ನಿಂತಿತು, ಸಿಟ್ಟು ಬಂತು. ಆ ವಯಸ್ಸಿನಲ್ಲಿ ಎಲ್ಲರ ಮುಂದೆ ಅತ್ತದ್ದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಅಮ್ಮನಿಗೆ ಫೋನು ಮಾಡಿ, ಈಗಲೇ ಬಂದು ಕರೆದುಕೊಂಡು ಹೋಗು, ನಾನು ಇನ್ನು ಇಲ್ಲಿಗೆ ಬರುವುದಿಲ್ಲ ಎಂದಳು. ಮಗಳನ್ನು ಬಿಟ್ಟು ಹಿಂತಿರುಗುತ್ತಾ ಅರ್ಧ ದಾರಿಯಲ್ಲಿದ್ದ ಅಮ್ಮ, ಗಾಡಿ ತಿರುಗಿಸಿ ಬಂದು ಗೇಟಿನಿಂದ ಫೋನು ಮಾಡುತ್ತೇನೆ ಎಂದಳು. ಆಂಟಿ ಸ್ಟೂಲು ತಂದು, ಹತ್ತಿ, ಹಾರ ತೆಗೆದರು. ಇಳಿಯಲು ನಾನು ಕೈ ಕೊಟ್ಟೆ. ನನಗೆ ಆ ಹುಡುಗಿಯ ಮೇಲೆ ಕೋಪ ಬಂದಿತ್ತು, ಸುಳ್ಳೇಕೆ ಹೇಳಲಿ.

ಹುಡುಗಿ ಅಜ್ಜಿಯ ಕೈಯಲ್ಲಿದ್ದ ಹಾರವನ್ನೇ ನೋಡುತ್ತಿದ್ದಳು.

“ಯಾಕಜ್ಜಿ ಹಾಕ್ದೆ?”

“ನಿನ್ನ ಮನಸಿಗೆ ಬಂದಾಂವ ಅಲ್ಲೇನವಾ. ನಮ್ಮ ಮನಿಯಾಗ ಅಜ್ಜಾರ ಮಗ್ಗಲಕ ಇರಬೇಕಲ್ಲ,” ಎಂದರು ಆಂಟಿ.

ಅಷ್ಟರಲ್ಲಿ ಹುಡುಗಿಯ ಫೋನು ಬಡಿದುಕೊಂಡಿತು. ಅಮ್ಮ ಗೇಟಿನ ಹತ್ತಿರ ಬಂದಿದ್ದಳು. ಹೊರಗೆ ಗಾಡಿಯ ಸದ್ದೂ ಕೇಳಿಸಿತು. ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡು, ಮೊಮ್ಮಗಳ ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟರು.

“ಬೇಡಮ್ಮ, ಸಂಜೆನೇ ಬಾ,” ಎಂದಳು ಹುಡುಗಿ ಫೋನಿಗೆ.

ಆಮೇಲೆ ನಡೆದದ್ದು ನನಗೆ ಚೂರು ಚೂರಾಗಿ ನೆನಪಿದೆ. ಆಂಟಿ ಮಾತಿನ ನಡುವೆ ನೀಲಕಂಠ ಎಂದದ್ದು, ಅದು ಯಾರು ಎಂದು ಹುಡುಗಿ ಕೇಳಿದ್ದು, ಆಂಟಿ ಇಡೀ ತಂಡವನ್ನು ಉದ್ದಪ್ಪ, ವೀರಭದ್ರ ಎಂದು ಸಾಲಾಗಿ ಪರಿಚಯಿಸಿದ್ದು, ಹುಡುಗಿ ಹೊಟ್ಟೆ ಹಿಡಿದುಕೊಂಡು ಸೋಫಾದಿಂದ ಜಾರಿ ಬಿದ್ದದ್ದು... ಹಾರವನ್ನು ಅವಳೇ ಮತ್ತೆ ಹಾಕಿಸಿ, ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು. ಸಂಜೆ ಕೆಂಗೇರಿಗೆ ಹೊರಟಾಗ ಅವಳ ಕ್ಲಾಸಿನ ಅರ್ಧ ಹುಡುಗಿಯರಿಗೆ ಅವನು ನೀಲಕಂಠನಾಗಿದ್ದ. ಇಯರ್‌ಫೋನು ಮಧ್ಯಾಹ್ನದಿಂದ ಅಜ್ಜಿಯ ದಿಂಬಿನ ಕೆಳಗೇ ಉಳಿದು, ಮರೆತುಹೋಗಿತ್ತು.

ಮುಂದಿನ ಭಾನುವಾರ ಅವಳು ಕರೆಯದೆಯೇ ಬಂದಳು. ತಿಂಗಳಿಗೊಮ್ಮೆ ಇದ್ದದ್ದು ಎರಡಾಯಿತು, ಮೂರಾಯಿತು. ಅವಳು ಬರುವ ದಿನ ಆಂಟಿ ನಮ್ಮನ್ನೂ ಕೆಳಗೆ ಕರೆಯುತ್ತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಜೊತೆಗೆ ಟೀವಿಗೆ ಫೋನು ಜೋಡಿಸಿ ಹೊಸ ಹಾಡು. ಸಡಿಲ ಪ್ಯಾಂಟಿನ ಕಾಲ ಬಂದಾಗ ಹುಡುಗಿ ಇಬ್ಬರು ತೂರಬಹುದಾದಂಥ ಪ್ಯಾಂಟು ಹಾಕಿ ಬಂದು ಅಜ್ಜಿಯನ್ನು ಹೇಗಿದೆ ಎಂದು ಕೇಳಿದಳು. ಗಾಳಿ ಚೆನ್ನಾಗಿ ಆಡುತ್ತದೆ ಎಂದರು ಆಂಟಿ. ಒಂದು ದಿನ ಅವಳ ಹಠಕ್ಕೆ ಆಂಟಿ ನನ್ನ ಬಿಳಿ ಶೂಗಳನ್ನು ಹಾಕಿಕೊಂಡು, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾರಸಿಯಲ್ಲಿ ಫೋಟೋಗೆ ನಿಂತರು. ನಾನು ಆ ಉಡುಪಿನಲ್ಲಿ ಎಷ್ಟು ಕೃತಕವಾಗಿ ಕಂಡಿರಬೇಕು ಎಂದು ನನಗೆ ತಿಳಿದದ್ದು ಅವರನ್ನು ನೋಡಿದಾಗ.

ಆಂಟಿ ನಮಗಿಂತ ಜೋರಾದ ಅಭಿಮಾನಿಯಾಗಿಬಿಟ್ಟರು ಎಂದೇ ನಾನು ನಂಬಿದ್ದೆ. ಕೆಳಗಿನ ಮನೆಯಿಂದ ಆ ಹಾಡುಗಳು ವಾರದ ದಿನಗಳಲ್ಲೂ ಕೇಳಿಸುತ್ತಿದ್ದವು. ಒಂದು ಸಂಜೆ ನಾನೊಬ್ಬಳೇ ಇದ್ದಾಗ ಅವರು ತಾರಸಿಗೆ ಬಂದರು. ನೀಲಕಂಠನ ಹೊಸ ಹಾಡು ನೋಡಿದಿರಾ ಆಂಟಿ ಎಂದು ಕೇಳಿದೆ. ಅವರು ಮೆಟ್ಟಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು.

“ಖರೇ ಹೇಳ್ಲೇನು? ನನಗ ಅದರಾಗ ಒಂದಕ್ಷರ ತಿಳಿಯಂಗಿಲ್ಲ. ತಲಿ ಸಿಡೀತೈತಿ. ಆಕಿ ಕೇಳಿದಾಗ ತಪ್ಪಬಾರದು ಅಂತ ದಿನಾ ಹಚ್ಕೊಂಡು ಕುಂದರ್ತೀನಿ. ಆಕಿ ಮಾತಾಡ್ತಾಳಲ್ಲ, ಆ ದನಿ ಸಾಕು ನನಗ.”

ಆಕಿಗೆ ಹೇಳಬೇಡ ಎಂದು ನನ್ನ ಕೈ ಮುಟ್ಟಿ ಮಾತು ತೆಗೆದುಕೊಂಡರು. ನನ್ನ ಅಜ್ಜಿಯಾಗಲಿ ಅಮ್ಮನಾಗಲಿ ನನ್ನ ಒಂದು ಹುಚ್ಚನ್ನಾದರೂ ಹೀಗೆ ಹೊತ್ತುಕೊಂಡವರಲ್ಲ. ನನಗೆ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಆಮೇಲೆ ರೂಮ್‌ಮೇಟಿಗೆ ಮದುವೆಯಾಯಿತು. ಒಬ್ಬಳಿಗೆ ಆ ಬಾಡಿಗೆ ಹೆಚ್ಚೆನಿಸಿ ನಾನು ಕುರುಬರಹಳ್ಳಿಯಲ್ಲಿ ಸಣ್ಣದೊಂದು ಹಿಡಿದೆ. ಹಬ್ಬಕ್ಕೆ ಹುಣ್ಣಿಮೆಗೆ ಹೋಗಿ ಆಂಟಿಯನ್ನು ನೋಡಿ ಬರುತ್ತಿದ್ದೆ. ಹೋದಾಗಲೆಲ್ಲ ಹುಡುಗಿಯ ಸುದ್ದಿಯೇ. ಹತ್ತನೇ ಕ್ಲಾಸಿನ ಓದಿನ ನಡುವೆಯೂ ಭಾನುವಾರ ತಪ್ಪಿಸುವುದಿಲ್ಲ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. ಕಳೆದ ಬೇಸಿಗೆ ರಜೆಯಲ್ಲಿ ನಾನು ಊರಿಗೆ ಹೋಗಿದ್ದಾಗ ಅವರಿಗೆ ಎದೆನೋವು ಬಂದು, ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗ ಬಂದು ಮನೆಯನ್ನು ಟ್ಯೂಷನ್ ಸೆಂಟರಿನವರಿಗೆ ಬಾಡಿಗೆಗೆ ಕೊಟ್ಟು ಹೋದ. ಒಂದು ದಿನ ಆ ದಾರಿಯಲ್ಲಿ ಹೋದಾಗ ಗೇಟಿನ ತುಂಬ ಮಕ್ಕಳ ಚಪ್ಪಲಿ ಕಂಡವು. ನಿಲ್ಲಲಾಗಲಿಲ್ಲ, ಬಂದುಬಿಟ್ಟೆ.

ಹೀಗಾಗಿ ಕಳೆದ ವಾರ ಅಂಗಡಿಯಿಂದ ಬಂದವಳೇ ಹುಡುಗಿಗೆ ಫೋನು ಮಾಡಿದೆ. ನಂಬರು ಅಂದಿನದೇ ಇತ್ತು. ಜ್ಞಾನಭಾರತಿಯ ಹತ್ತಿರ ಕಾಲೇಜಿಗೆ ಸೇರಿದ್ದೇನೆ ಎಂದಳು. ಶನಿವಾರ ಮಧ್ಯಾಹ್ನ ಅಲ್ಲಿನ ದರ್ಶಿನಿಯೊಂದರ ಮುಂದೆ ಭೇಟಿಯಾದೆವು. ನನಗಿಂತ ಎತ್ತರ ಬೆಳೆದಿದ್ದಾಳೆ. ಕಾಫಿ ಹಿಡಿದು ಕಟ್ಟೆಯ ಮೇಲೆ ಕೂತೆವು. ಕಾಲೇಜು, ಅಮ್ಮನ ಆರೋಗ್ಯ, ನನ್ನ ಶಾಲೆ ಎಲ್ಲ ಮಾತಾಡಿದೆವು. ಅಜ್ಜಿಯ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ. ಕಾಫಿ ಮುಗಿದ ಮೇಲೆ ಅವಳೇ ಎತ್ತಿದಳು.

“ಆಂಟಿ, ಒಂದು ವಿಷ್ಯ ಯಾರಿಗೂ ಹೇಳಿಲ್ಲ. ನಂಗೆ ಆ ಹಾಡುಗಳು ಎಂಟನೇ ಕ್ಲಾಸಲ್ಲೇ ಬೋರ್ ಆಗೋಗಿತ್ತು. ಅಜ್ಜಿ ಪಾಪ ಅಷ್ಟು ಕಷ್ಟಪಟ್ಟು ಕಲ್ತಿದ್ರಲ್ಲ, ಬೇಜಾರ್ ಮಾಡ್ಕೋತಾರೆ ಅಂತ ಸುಮ್ನಿದ್ದೆ. ಭಾನುವಾರ ಬರೋ ಮುಂಚೆ ಮೆಟ್ರೋದಲ್ಲಿ ಕೂತು ಅವ್ರ ಹೊಸ ಹಾಡು ನೋಡ್ಕೊಂಡು ಬರ್ತಿದ್ದೆ.”

ನಾನು ಲೋಟದ ತಳ ನೋಡುತ್ತಾ ಕೂತೆ. ಅಲ್ಲಿಯವರೆಗೆ ಆ ಭಾನುವಾರಗಳ ಒಂದು ಕಡೆ ಮಾತ್ರ ನನಗೆ ಗೊತ್ತಿತ್ತು. ಇಬ್ಬರಿಗೂ ಬೇಡವಾಗಿದ್ದ ಹಾಡನ್ನು ಇಬ್ಬರೂ ಸೇರಿ, ಒಬ್ಬರ ಮುಖ ಒಬ್ಬರು ನೋಡುತ್ತಾ, ವರ್ಷಗಟ್ಟಲೆ ಕೇಳಿದ್ದರು. ಹೇಳಿಬಿಡಬೇಕು ಎಂದು ಬಾಯಿ ತುದಿಯವರೆಗೂ ಬಂತು. ಹೇಳಿದರೆ ಇಬ್ಬರೂ ಸೇರಿ ನಗಬಹುದಿತ್ತು. ಆದರೆ ಅವಳು ಇನ್ನೊಂದು ಕೇಳಿದಳು.

“ಅಜ್ಜಿಗೆ ನಿಜವಾಗ್ಲೂ ಇಷ್ಟ ಇತ್ತು, ಅಲ್ವಾ ಆಂಟಿ?”

ಅವಳ ಕಣ್ಣು ನೋಡಿದೆ. ಅಜ್ಜಿಗಾಗಿ ತಾನೊಂದು ಮಾಡಿದೆ, ಅದು ಅಜ್ಜಿಗೆ ಸಂತೋಷ ಕೊಟ್ಟಿತು ಎನ್ನುವುದೊಂದೇ ಅವಳ ಹತ್ತಿರ ಉಳಿದಿದ್ದದ್ದು.

“ತುಂಬಾ ಇಷ್ಟ ಇತ್ತು ಕಣೇ. ನೀನಿಲ್ಲದಾಗ್ಲೂ ದಿನಾ ಹಾಕ್ಕೊಂಡು ಕೂರೋರು,” ಎಂದೆ.

ಅವಳು ತಲೆಯಾಡಿಸಿದಳು. ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಆಮೇಲೆ ಚೀಲದಿಂದ ಇಯರ್‌ಫೋನು ತೆಗೆದು, ಒಂದು ನನ್ನ ಕಿವಿಗಿಟ್ಟು, ಈಗ ತನಗೆ ಇದರ ಹುಚ್ಚು ಎಂದಳು. ಯಾವ ದೇಶದ ಹಾಡೋ, ಯಾವ ಭಾಷೆಯೋ, ಡಬ್ಬ ಬಡಿದ ಹಾಗಿತ್ತು. ಹಾಡಿದವನ ಬಗ್ಗೆ, ಅವನ ಬಟ್ಟೆಯ ಬಗ್ಗೆ, ಅವನು ಮುಂದಿನ ತಿಂಗಳು ತರಲಿರುವ ಹಾಡುಗಳ ಬಗ್ಗೆ ಅವಳು ನಿಲ್ಲಿಸದೆ ಹೇಳುತ್ತಿದ್ದಳು. ಇದನ್ನೆಲ್ಲ ಕೇಳಬೇಕಾದವರು ನಾನಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾಡು ಮುಗಿಯಿತು. ಅವಳು ನನ್ನ ಮುಖ ನೋಡಿದಳು.

ಚೆನ್ನಾಗಿದೆ, ಇನ್ನೊಂದು ಸಲ ಹಾಕು ಎಂದೆ.